ಬೇವಿನ ಗಿಡದ ಲಗ್ನಕ್ಕೆ ಬಂದ ಮುಯ್ಯಿ

ನಾನು ಪೆನ್ಷನ್ ತರಲು ಹೋಗುವ ಬ್ಯಾಂಕಿನ ಕೌಂಟರಿನ ಗಾಜಿನ ಮೇಲೆ ಹೋದ ತಿಂಗಳಿಂದ ಹೊಸ ಪೋಸ್ಟರೊಂದು ಅಂಟಿಕೊಂಡಿದೆ. ನಿಮ್ಮ ಹೆಸರಿನಲ್ಲಾಗಲಿ, ತೀರಿಹೋದ ನಿಮ್ಮ ಹಿರಿಯರ ಹೆಸರಿನಲ್ಲಾಗಲಿ, ಯಾರೂ ಬಂದು ಕೇಳದೆ ಉಳಿದ ಹಣ ಇದ್ದೀತು, ಹುಡುಕಿ ನೋಡಿ ಎಂದು ಅದರಲ್ಲಿ ಬರೆದಿದೆ. ಜೊತೆಗೆ ಒಬ್ಬ ಮುದುಕಿಯ ಚಿತ್ರ. ಹೆಚ್ಚೂಕಡಿಮೆ ನನ್ನ ವಯಸ್ಸು, ಹಲ್ಲು ಮಾತ್ರ ಎಲ್ಲ ಇವೆ. ಹಣ ಸಿಕ್ಕ ಖುಷಿಗೋ ಹಲ್ಲು ಇರುವ ಖುಷಿಗೋ, ಆಕೆ ನಗುತ್ತಲೇ ಇದ್ದಾಳೆ.

ಅದರ ಮೇಲಿನ "ಅನ್‌ಕ್ಲೇಮ್ಡ್" ಎಂಬ ಮಾತು ಕಂಡರೆ ನನಗೆ ನಾನು ಓದಿದ ಕಾನ್ವೆಂಟಿನ ವರಾಂಡದ ಒಂದು ಕಪಾಟು ನೆನಪಾಗುತ್ತದೆ. ಒಂಟಿ ಕಾಲುಚೀಲ, ಹಲ್ಲು ಮುರಿದ ಬಾಚಣಿಗೆ, ಯಾರದೋ ನೀಲಿ ರಿಬ್ಬನ್ನು. ಶನಿವಾರ ಸಂಜೆ ಸಿಸ್ಟರ್ ಒಂದೊಂದನ್ನೇ ಎತ್ತಿ ಹಿಡಿದು ಇದು ಯಾರದು ಎಂದು ಇಂಗ್ಲಿಷಿನಲ್ಲಿ ಕೇಳುವರು. ವಸ್ತುವಿನ ಒಡತಿ ಅಲ್ಲೇ ನಿಂತಿರುವಳು, ಆದರೆ ನಾಚಿಕೆಗೆ ಬಾಯಿ ಬಿಡಳು. ನಾನಂತೂ ನನ್ನದೇ ಕಾಲುಚೀಲವನ್ನು ಗುರುತಿಲ್ಲದವರ ಹಾಗೆ ನೋಡಿ, ವರ್ಷವಿಡೀ ಜೋಡಿ ತಪ್ಪಿದ ಕಾಲುಚೀಲದಲ್ಲಿ ಓಡಾಡಿದವಳು. ಸಿಲ್ಲಿ ಗರ್ಲ್!

ಕೌಂಟರಿನ ಹುಡುಗಿ ಅವತ್ತು ಪುರುಸೊತ್ತಿನಲ್ಲಿದ್ದಳು. ನಿಮ್ಮ ತಾಯಿಯ ಹೆಸರು ಹೇಳಿ ಅಜ್ಜಿ, ಕಂಪ್ಯೂಟರಿಗೆ ಹಾಕಿ ನೋಡುತ್ತೇನೆ ಎಂದಳು. ನಮ್ಮವ್ವ ಬ್ಯಾಂಕು ಹೇಗಿರುತ್ತದೆಂದು ಕಂಡವಳೇ ಅಲ್ಲಮ್ಮಾ ಎಂದು ನಕ್ಕು ಹೊರಬಂದೆ. ಬೇವಿನ ನೆರಳು ಹುಡುಕುತ್ತ ಮನೆಯ ಕಡೆ ನಡೆಯುವಾಗ ಥಟ್ಟನೆ ಹೊಳೆಯಿತು: ನಾನು ಆ ಹುಡುಗಿಗೆ ಸುಳ್ಳು ಹೇಳಿದ ಹಾಗಾಯಿತು. ಅವ್ವನಿಗೆ ಬರಬೇಕಾದ್ದು ಇದೆ. ಯಲಬುರ್ಗಾದಲ್ಲಿದೆ. ಯಾವ ಕಂಪ್ಯೂಟರಿಗೆ ಹಾಕಿದರೂ ಸಿಗುವಂಥದಲ್ಲ, ಅಷ್ಟೇ.

ಮುಯ್ಯಿ ಎಂದರೆ ಈಗಿನವರಿಗೆ ಕವರಿನಲ್ಲಿ ಹಾಕಿ ಕೊಡುವ ಪ್ರೆಸೆಂಟೇಶನ್. ನಮ್ಮ ಕಡೆ, ನಿಜಾಮರ ಆ ಕಾಲದಲ್ಲಿ, ಅದೊಂದು ಬೇರೆಯೇ ಸಂಗತಿ. ಲಗ್ನದ ಊಟವಾದ ಮೇಲೆ ಚಪ್ಪರದಲ್ಲಿ ಕಂಬಳಿ ಹಾಸುತ್ತಿದ್ದರು. ಗಟ್ಟಿ ಗಂಟಲಿನವನೊಬ್ಬ ನಿಂತು ಯಾರು ಎಷ್ಟು ಹಾಕಿದರೆಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ನಮ್ಮ ಓಣಿಯವರು ಅದನ್ನು ಬರೆದಿಡುತ್ತಿರಲಿಲ್ಲ. ಬರೆದರೆ ಅದು ಅಂಗಡಿ ವ್ಯವಹಾರ ಆದೀತು ಎಂಬ ಸಂಕೋಚ. ಆದರೆ ಕೂಗಿದ್ದು ಎಲ್ಲರ ಕಿವಿಯಲ್ಲೂ ಉಳಿಯುತ್ತಿತ್ತು. ನಿಮ್ಮ ಮನೆಯ ಲಗ್ನಕ್ಕೆ ನಾನು ಹಾಕಿದ್ದನ್ನು ನನ್ನ ಮನೆಯ ಲಗ್ನದಲ್ಲಿ ನೀವು ತಿರುಗಿ ಹಾಕಬೇಕು. ತಿರುಗಿ ಹಾಕುವಾಗ ಮೇಲೆ ಒಂದಾಣೆಯಾದರೂ ಕೂಡಿಸಬೇಕು. ಆ ಹೆಚ್ಚಿನದು ಹೊಸ ಬಾಕಿ. ಅದನ್ನು ತೀರಿಸಲು ಇನ್ನೊಂದು ಲಗ್ನ, ಮತ್ತೊಂದು ಆಣೆ. ಹೀಗೆ ಅದು ಮುಗಿಯುತ್ತಲೇ ಇರಲಿಲ್ಲ. ಮುಗಿಯಬಾರದು ಎಂಬುದೇ ಅದರ ಉದ್ದೇಶ. ಯಾರಾದರೂ ಕೊಟ್ಟಷ್ಟನ್ನೇ ಸರಿಗೆ ಸರಿ ತಿರುಗಿಸಿದರೆ, ಇನ್ನು ನಿಮಗೂ ನಮಗೂ ಏನೂ ಇಲ್ಲ ಎಂದು ಬಾಯಿಬಿಟ್ಟು ಹೇಳಿದ ಹಾಗೆ.

ನಮ್ಮವ್ವ ಮುಯ್ಯಿ ಹಾಕುವುದರಲ್ಲಿ ದೊಡ್ಡ ಕೈ. ಅಪ್ಪನದು ಯಲಬುರ್ಗಾ ಪೇಟೆಯಲ್ಲಿ ಸಣ್ಣ ಬಟ್ಟೆ ಅಂಗಡಿ. ಕೊಪ್ಪಳ, ಕುಷ್ಟಗಿ, ತಳಕಲ್, ಎಲ್ಲಿಂದ ಕರೆ ಬಂದರೂ ಅವ್ವ ನನ್ನನ್ನು ಬಗಲಲ್ಲಿ ಇಟ್ಟುಕೊಂಡು ಚಕ್ಕಡಿ ಹತ್ತುವಳು. ಎರೆಮಣ್ಣಿನ ದಾರಿ, ಎರಡೂ ಕಡೆ ಜೋಳ. ಎತ್ತಿನ ಗೆಜ್ಜೆಯ ಸದ್ದಿಗೆ ನನಗೆ ನಿದ್ದೆ. ನಾನು ಕಂಡ ಲಗ್ನಗಳೆಲ್ಲ ಈಗ ಒಂದರಲ್ಲೊಂದು ಬೆರೆತುಹೋಗಿವೆ. ಯಾವುದೋ ಊರಿನ ಮದುಮಗ ಯಾವುದೋ ಊರಿನ ಮದುಮಗಳ ಪಕ್ಕದಲ್ಲಿ ಕೂತಿದ್ದಾನೆ, ಎಲ್ಲ ಊರಿನ ಹುಗ್ಗಿಯೂ ಒಂದೇ ಎಲೆಯಲ್ಲಿ ಹರಿದಿದೆ. ಒಂದು ಮಾತ್ರ ಬೆರೆತಿಲ್ಲ. ಬಳೆಗಾರ್ತಿ ಹುಸೇನಬಿಯ ಮಗಳ ನಿಕಾಹ್. ಹುಸೇನಬಿ ನಮ್ಮವ್ವನ ಜೀವದ ಗೆಳತಿ. ನಾನು ಆಕೆಯನ್ನು ಚಿಗವ್ವ ಎನ್ನುತ್ತಿದ್ದೆ. ಅವತ್ತು ಅವ್ವ ಹಾಕಿದ್ದು ಐದು ರೂಪಾಯಿ. ಕೂಗುವವ ನಡುವೆಯೇ ನಿಂತು, ಅಂಗೈ ನೋಡಿಕೊಂಡು, ಐದು ಹೌದಲ್ಲೇನ್ರಿ ಎಂದು ಮತ್ತೊಮ್ಮೆ ಕೇಳಿ ಆಮೇಲೆ ಕೂಗಿದ.

ಅವ್ವ ತೀರಿಹೋದಾಗ ನನಗೆ ಒಂಬತ್ತೋ ಹತ್ತೋ. ಅದಕ್ಕೆ ಮುಂಚೆ ಆಕೆ ಕಾಯಿಲೆ ಬಿದ್ದು ಬಳ್ಳಾರಿಯ ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದಾಗ, ಅಲ್ಲಿಯ ಕಾನ್ವೆಂಟಿನ ಹುಡುಗಿಯೊಬ್ಬಳು ಬಿಳಿ ಫ್ರಾಕು ತೊಟ್ಟು ರೋಗಿಗಳಿಗೆ ಹೂ ಕೊಡಲು ಬಂದಿದ್ದಳಂತೆ. ಔಷಧದ ಬಾಟಲಿಯ ಮೇಲಿನದನ್ನು ಪಟಪಟ ಓದಿ, ಏನು ಬರೆದಿದೆ ಎಂದು ಅವ್ವನಿಗೆ ಕನ್ನಡದಲ್ಲಿ ತಿಳಿಸಿದ್ದಳಂತೆ. ಅವ್ವ ಊರಿಗೆ ಬಂದವಳು ಅದನ್ನೇ ಹೇಳಿದಳು, ಮತ್ತೆ ಮತ್ತೆ ಹೇಳಿದಳು: "ನಮ್ಮ ಶಾಂತಾ ಹಂಗ ಓದಬೇಕು. ಅಕೀನ ಅಲ್ಲೆ ಹಾಕ್ರಿ." ಹೇಳಿದ್ದು ಅಪ್ಪನಿಗೆ, ಕೇಳಿಸಿಕೊಂಡದ್ದು ನೀಲತ್ತಿ.

ನೀಲತ್ತಿ ಅಪ್ಪನ ಅಕ್ಕ. ಆಡುವ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದವಳು. ಮನೆ ನಡೆಸುತ್ತಿದ್ದವಳು ಆಕೆ. ಅಪ್ಪ ಯಜಮಾನ ಎಂದು ಊರಿಗೆ ತೋರಿಸುವುದಕ್ಕಿದ್ದರು. ಆದರೆ ಕಾನ್ವೆಂಟಿಗೆ ಬೇಕಾದಷ್ಟು ರೊಕ್ಕ ಯಜಮಾನನ ಬಳಿಯೂ ಇರಲಿಲ್ಲ, ಮನೆ ನಡೆಸುವವಳ ಬಳಿಯೂ ಇರಲಿಲ್ಲ. ಅವ್ವನ ಔಷಧವೇ ಅಂಗಡಿಯ ಅರ್ಧ ಬಟ್ಟೆಯನ್ನು ತಿಂದಿತ್ತು.

ಆಗ ಬಂದರು ತಳಕಲ್ಲಿನ ಬಸಪ್ಪ ದೊಡ್ಡಪ್ಪ. ಅಪ್ಪನ ದಾಯಾದಿ ಅಣ್ಣ, ಬುದ್ಧಿ ಹೇಳುವುದರಲ್ಲಿ ಧಾರಾಳಿ. ಅವರು ಹೇಳಿದ್ದರಲ್ಲಿ ತಪ್ಪು ಹುಡುಕುವುದೂ ಕಷ್ಟ. ನಿನ್ನ ಹೆಂಡತಿ ಹಾಕಿದ ಮುಯ್ಯಿ ಊರೂರಿಗೂ ಬಿದ್ದಿದೆ, ಇರುವಾಕೆ ಇವಳೊಬ್ಬಳೇ ಮಗಳು, ಇವಳ ಲಗ್ನ ಮಾಡಿದರೆ ಅಷ್ಟೂ ತಾನಾಗಿ ಬಂದು ಬೀಳುತ್ತದೆ ಎಂದರು. ಗಂಗಾವತಿಯಲ್ಲಿ ಒಂದು ಮನೆತನವನ್ನೂ ನೋಡಿಟ್ಟಿದ್ದರು, ನೀರಾವರಿ ಗದ್ದೆ, ಮೂರು ಹೊತ್ತು ಅಕ್ಕಿ ಅನ್ನ. ನನಗೆ ಅನ್ನದ ಆಸೆ ಆದದ್ದು ನಿಜ. ಜೋಳದ ರೊಟ್ಟಿಯ ಊರಿನ ಕೂಸು ನಾನು. ಆದರೆ ಲಗ್ನವಾದರೆ ರೊಕ್ಕ ಬರುತ್ತದೆ, ಕಾನ್ವೆಂಟು ಹೋಗುತ್ತದೆ. ಕಾನ್ವೆಂಟಿಗೆ ಹೋಗಬೇಕಾದರೆ ರೊಕ್ಕ ಬೇಕು, ಲಗ್ನ ಆಗಬಾರದು. ಈ ಗಂಟು ಯಾರಿಗೂ ಬಿಚ್ಚಲು ಬರಲಿಲ್ಲ.

ಬಿಚ್ಚಿದವಳು ನೀಲತ್ತಿ. ನಾನು ಹುಟ್ಟಿದ ವರ್ಷ ಅವ್ವ ಬಾವಿಯ ಹತ್ತಿರ ಒಂದು ಅರಳಿ, ಒಂದು ಬೇವು ಜೋಡಿಯಾಗಿ ನೆಟ್ಟು, ಕಟ್ಟೆ ಕಟ್ಟಿಸಿದ್ದಳು. ಅವು ಬೆಳೆದು ಒಂದರ ಟೊಂಗೆ ಇನ್ನೊಂದಕ್ಕೆ ತಾಗಿದಾಗ ಅವಕ್ಕೆ ಲಗ್ನ ಮಾಡುವುದು ಪದ್ಧತಿ. ಅವ್ವನೂ ಹರಕೆ ಹೊತ್ತಿದ್ದಳು. ಅತ್ತೆ ಒಂದು ಬೆಳಿಗ್ಗೆ ನೀರು ಸೇದಲು ಹೋದವಳು ಖಾಲಿ ಕೊಡದೊಂದಿಗೆ ತಿರುಗಿ ಬಂದು, ಅಪ್ಪನ ಮುಂದೆ ನಿಂತು, "ಬೇವು ನಮ್ಮ ಮನಿ ಮಗಳು. ಅದರ ಲಗ್ನ ಐತಿ. ಎಲ್ಲಾರಿಗೂ ಹೇಳಿ ಕಳಸು," ಎಂದಳು.

ಸುದ್ದಿ ತಳಕಲ್ಲಿಗೆ ಮುಟ್ಟಿದ ಮರುದಿನವೇ ದೊಡ್ಡಪ್ಪ ಬಂದರು.

"ಗಿಡದ ಲಗ್ನಕ್ಕ ಮುಯ್ಯ ಕೇಳತಿ. ನಾಳಿ ಅದು ಹಡದ್ರ ಬಾಣಂತನಕ್ಕೂ ಕರೀತೀಯೇನ ನೀಲವ್ವಾ?"

"ಕರೀತೀನಿ. ಬೇವಿನ ಹಣ್ಣ ಉದುರೋ ಕಾಲಕ್ಕ ತೊಟ್ಟಲಾ ತಗೊಂಡ ಬರ್ರಿ. ದೊಡ್ಡಪ್ಪಂದಿರು ನೀವ, ತರಬೇಕಾದವ್ರೂ ನೀವ."

ಕಡೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು. ಮುಯ್ಯಿ ಸಾಕಷ್ಟು ಬಂದರೆ ನಾನು ಬಳ್ಳಾರಿಗೆ. ಸಾಲದಿದ್ದರೆ ಗಂಗಾವತಿಗೆ. ನಾನು ಬಾಗಿಲ ಹಿಂದೆ ನಿಂತು ಕೇಳಿದೆ. ಆಮೇಲೆ ಓಡಿಹೋಗಿ ಬೇವಿನ ಗಿಡಕ್ಕೆ ಎರಡು ಕೊಡ ನೀರು ಸುರಿದೆ. ಚೆನ್ನಾಗಿ ಕಾಣಲಿ ಎಂದು.

ಅಂಥ ಲಗ್ನವನ್ನು ನಾನು ಮತ್ತೆ ಕಂಡಿಲ್ಲ. ಅರಳಿಯ ಕಡೆಯ ಬೀಗರಾಗಲು ಒಪ್ಪಿದವರು ಪಕ್ಕದ ಗಾಣದ ಮನೆಯ ಯಜಮಾನರು. ಚೇಷ್ಟೆಗೆ ಒಪ್ಪಿದ ಮನುಷ್ಯ ಹೊತ್ತೇರುತ್ತಿದ್ದಂತೆ ನಿಜವಾದ ಬೀಗರೇ ಆಗಿಬಿಟ್ಟರು. ಕಾಲಿಗೆ ನೀರು ಕೊಟ್ಟಿದ್ದು ತಡವಾಯಿತೆಂದು ಮುನಿಸು, ಹೋಳಿಗೆಗೆ ತುಪ್ಪ ಕಡಿಮೆಯೆಂದು ಮುನಿಸು. ಅರಳಿಗೆ ಧೋತರ ಉಡಿಸಿದರೆ ಅಂಚು ಸಣ್ಣದು ಎಂದರು. ಬೇವಿಗೆ ಇಳಕಲ್ ಸೀರೆ, ಬಂದವರೆಲ್ಲ ಕೊಟ್ಟ ಖಣ. ಗಾಳಿಗೆ ಆ ಖಣಗಳೆಲ್ಲ ಏಳುತ್ತ ಬೀಳುತ್ತ ಇದ್ದರೆ ಗಿಡವೇ ಎಲ್ಲಿಗೋ ಹೊರಟು ನಿಂತಂತೆ ಕಾಣುತ್ತಿತ್ತು. ಕನ್ಯಾದಾನಕ್ಕೆ ಅಪ್ಪ ಒಬ್ಬರೇ ಕೂರುವಂತಿಲ್ಲವಲ್ಲ. ಪಕ್ಕದ ಮಣೆಯ ಮೇಲೆ ಒಂದು ತೆಂಗಿನಕಾಯಿಗೆ ಅವ್ವನ ಖಣ ಸುತ್ತಿ ಇಟ್ಟಿದ್ದರು. ನಾನು ಆ ಕಾಯಿಯ ಪಕ್ಕದಲ್ಲೇ ಕೂತಿದ್ದೆ. ನಡುವೆ ಯಾರೋ ಗೊತ್ತಿಲ್ಲದೆ ಒಡೆಯಲು ಅದನ್ನೇ ಎತ್ತಿಕೊಂಡರು. ಅಪ್ಪ ಎಂದೂ ದನಿ ಎತ್ತದವರು, ಅವತ್ತು ಎತ್ತಿದರು.

ಹುಸೇನಬಿ ಚಿಗವ್ವ ಬುಟ್ಟಿ ತುಂಬ ಹಸಿರು ಬಳೆ ತಂದಿದ್ದಳು. ಬೇವಿಗೆ ಕೈ ಎಲ್ಲಿಯದು? ದಾರಕ್ಕೆ ಪೋಣಿಸಿ ಟೊಂಗೆ ಟೊಂಗೆಗೂ ಕಟ್ಟಿದಳು. ಇವತ್ತಿಗೂ ಮಧ್ಯಾಹ್ನದ ಜೊಂಪಿನಲ್ಲಿ ನನಗೆ ಆ ಸದ್ದು ಕೇಳಿಸುತ್ತದೆ, ಗಾಳಿ ಬಂದಾಗ ಬಳೆ ತೊಟ್ಟ ಗಿಡ ಕೈಯಾಡಿಸಿದ ಸದ್ದು.

ಊಟವಾಯಿತು. ಕಂಬಳಿ ಹಾಸಿದರು. ಜನ ಹಾಕಿದರು, ನಗುತ್ತ ಹಾಕಿದವರೂ ಇದ್ದರು, ಅವ್ವನ ಹೆಸರು ಹೇಳಿ ಕಣ್ಣೊರೆಸಿಕೊಂಡು ಹಾಕಿದವರೂ ಇದ್ದರು. ಮೇಲೆ ಆಣೆ, ಎರಡಾಣೆ ಕೂಡಿಸಿಯೇ ಹಾಕಿದರು. ಬಸಪ್ಪ ದೊಡ್ಡಪ್ಪ ಮಾತ್ರ ಅವ್ವ ಕೊಟ್ಟಷ್ಟನ್ನೇ ಸರಿಗೆ ಸರಿ ಹಾಕಿ ಹಿಂದೆ ಸರಿದರು. ಅತ್ತೆಯ ಮುಖ ಸಣ್ಣದಾಯಿತು. ಆಮೇಲೆ ಕೂಗುವವ ಹುಸೇನಬಿಯ ಹೆಸರು ಹಿಡಿದು, ಕೈ ಚಾಚಿ, ಎಷ್ಟು ಎಂಬುದಕ್ಕೆ ಕಾದ. ಎಲ್ಲರಿಗೂ ಆ ಐದು ರೂಪಾಯಿ ನೆನಪಿತ್ತು.

ಚಿಗವ್ವ ಸೆರಗು ಸರಿಮಾಡಿಕೊಂಡು, "ನಂದು ಇವತ್ತಲ್ರಿ," ಎಂದಳು. ಖಾಲಿ ಬುಟ್ಟಿ ಎತ್ತಿಕೊಂಡು ಹೊರಟುಹೋದಳು.

ಅತ್ತೆಗೆ ಅದು ಮುಳ್ಳಿನ ಹಾಗೆ ನಟ್ಟಿತು. ಬಳೆ ಕಟ್ಟಿ ಕಣ್ಣು ಕಟ್ಟಿದಳು ಎಂದು ಎರಡು ದಿನ ಒಲೆಯ ಮುಂದೆ ಗೊಣಗಿದಳು. ಆದರೂ ಬಂದದ್ದನ್ನೆಲ್ಲ ಸೇರಿನಲ್ಲಿ ಹಾಕಿ, ಎಣಿಸಿ, ಸಾಕಾಗುತ್ತದೆ ಎಂದಳು. ನಾನು ಓಣಿಯ ಹುಡುಗಿಯರಿಗೆಲ್ಲ ಗುಡ್ ಬೈ ಹೇಳಿಯೂ ಆಯಿತು. ಗುಡ್ ಬೈ ಎಂಬ ಪದವನ್ನು ಅಂಗಡಿಗೆ ಬರುತ್ತಿದ್ದ ಸಾಲಿ ಮಾಸ್ತರರಿಂದ ಕಲಿತಿದ್ದೆ. ನನ್ನ ಇಡೀ ಇಂಗ್ಲಿಷ್ ಆಗ ಅಷ್ಟೇ.

ಸಾಕಾಗಲಿಲ್ಲ. ಇಲ್ಲಿ ನಮ್ಮ ನೀಲತ್ತಿಯ ತಪ್ಪೊಂದನ್ನು ಹೇಳಬೇಕು. ನಮ್ಮ ಸೀಮೆಯಲ್ಲಿ ನಡೆಯುತ್ತಿದ್ದುದು ನಿಜಾಮರ ಹಾಲಿ ರೂಪಾಯಿ. ಬಳ್ಳಾರಿ ಇಂಗ್ಲಿಷರದು, ಅಲ್ಲಿ ನಡೆಯುವುದು ಕಲ್ದಾರ್ ರೂಪಾಯಿ. ಹಾಲಿಯನ್ನು ಕೊಟ್ಟು ಕಲ್ದಾರ್ ತೆಗೆದುಕೊಂಡರೆ ಬಟ್ಟಾ ಎಂದು ಒಂದಿಷ್ಟು ಮುರಿದುಕೊಳ್ಳುತ್ತಾರೆ. ಅತ್ತೆ ನಿಜಾಮರ ಸೀಮೆ ದಾಟಿ ಕಾಲಿಟ್ಟವಳಲ್ಲ. ಆಕೆಗೆ ರೂಪಾಯಿ ಎಂದರೆ ರೂಪಾಯಿ. ಗಲ್ಲಾದ ಮೇಲೆ ಕೂತು ಜನ್ಮ ಕಳೆದ ಅಪ್ಪನಿಗಾದರೂ ತಿಳಿಯಬೇಕಿತ್ತು. ಅಕ್ಕ ಎಣಿಸಿದ ಮೇಲೆ ಮತ್ತೆ ಎಣಿಸುವ ಧೈರ್ಯ ಅವರಿಗಿರಲಿಲ್ಲ. ನಾಣ್ಯ ಬದಲಿಸಿಕೊಡುವ ಕೊಪ್ಪಳದ ಸರಾಫನ ಹತ್ತಿರ ಹೋಗಿ ಚೀಲ ಬರಿದು ಮಾಡಿ ಅವರು ಹೊತ್ತು ಮುಳುಗುವಾಗ ತಿರುಗಿ ಬಂದರು. ಕಟ್ಟೆಯ ಮೇಲೆ ಕೂತು, ತಲೆ ತಗ್ಗಿಸಿ, ಒಂದಿಷ್ಟು ಕಡಿಮೆ ಬಿದ್ದಿದೆ ಎಂದು ಹೇಳಿದರು. ಅತ್ತೆ ಬೇವಿನ ಕಡೆ ನೋಡಿದಳು. ಖಣಗಳು ಆಗಲೇ ಬಿಸಿಲಿಗೆ ಬಣ್ಣ ಬಿಡುತ್ತಿದ್ದವು.

ಒಪ್ಪಂದ ಒಪ್ಪಂದವೇ. ಗಂಗಾವತಿಯವರು ಹುಡುಗಿ ನೋಡಲು ಸೋಮವಾರ ಬರುತ್ತಾರೆಂದು ತಳಕಲ್ಲಿನಿಂದ ಹೇಳಿಕೆ ಬಂತು. ಬರುವವರ ಮುಂದೆ ಕೂರುವ ಹುಡುಗಿಗೆ ಹೊಸ ಬಳೆ ಬೇಕು. ಊರಿನಲ್ಲಿ ಬಳೆ ಇಡಿಸುವವಳು ಒಬ್ಬಳೇ. ಅತ್ತೆ ಮುಖ ಗಂಟುಹಾಕಿಕೊಂಡೇ ಹುಸೇನಬಿಗೆ ಹೇಳಿ ಕಳಿಸಿದಳು.

ಚಿಗವ್ವ ನನ್ನ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಬೆರಳ ಗಂಟುಗಳನ್ನು ಮೆಲ್ಲಗೆ ಒತ್ತಿದಳು. ಅವ್ವ ಹೋದ ಮೇಲೆ ಯಾರೂ ಹಾಗೆ ನನ್ನ ಕೈ ಹಿಡಿದಿರಲಿಲ್ಲ. ನನಗೆ ಅಳು ಬಂತು. ಬಳೆ ಇಡಿಸುವಾಗ ಕೂಸು ಅಳುವುದು ಹೊಸದೇನಲ್ಲ, ಆದರೆ ಬಳೆ ಇನ್ನೂ ಕೈ ಸೇರಿರಲಿಲ್ಲ. ಯಾಕೆ ಎಂದು ಕೇಳಿದಳು. ನಾನು ಬಳ್ಳಾರಿ, ಬಟ್ಟಾ, ಗಂಗಾವತಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಆಕೆ ಬಳೆಗಳನ್ನು ತಿರುಗಿ ಬುಟ್ಟಿಗೆ ಹಾಕಿ, ನಾಳೆ ಇಡಿಸುತ್ತೇನೆ ಎಂದು ಎದ್ದಳು.

ಮರುದಿನ ಬಂದಳು. ಹೊಸ ಸರಕು ತರಲು ಕೂಡಿಟ್ಟ ರೊಕ್ಕವನ್ನು ನೀಲತ್ತಿಯ ಮುಂದೆ ಇಟ್ಟಳು.

"ತಗೋರಿ ಅಕ್ಕಾರ. ಸಾಲ ಐತಿ ಇದು. ಬಡ್ಡಿ ಬ್ಯಾಡ. ಇಕಿ ಓದಿ ದುಡದು ತೀರಸ್ಲಿ."

ಅತ್ತೆಗೆ ಸಮಾಧಾನಕ್ಕಿಂತ ಸಿಟ್ಟೇ ಮೊದಲು ಬಂತು. "ಸಾಲ ಯಾಕ್ ಬೇಕವ್ವಾ? ಮುಯ್ಯದ ರೊಕ್ಕ ನಿನ್ನ ಹಂತೇಕ ಐತಿ. ಅದನ್ನ ಅವತ್ತ ಕೊಟ್ಟಿದ್ರ ಮುಗೀತಿತ್ತು."

"ಮುಗೀತಿತ್ತು ಅಂತನ ಕೊಡ್ಲಿಲ್ರಿ."

ಚಿಗವ್ವ ನನ್ನನ್ನು ನೋಡದೆ, ಬುಟ್ಟಿಯ ಅಂಚನ್ನು ಸವರುತ್ತ ಹೇಳಿದಳು.

"ಇವರವ್ವಂದು ನನ್ನ ಹಂತೇಕ ಉಳದದ್ದು ಅದೊಂದ. ಅದನ್ನೂ ಗಿಡದ ಲಗ್ನದಾಗ ತೀರಿಸಿ ಕೈ ಝಾಡಿಸಿ ಕುಂದರ್ಲೇನು? ಕೂಸಿನ ಲಗ್ನ ಆಗ್ಲಿ. ಮ್ಯಾಲ ಹಾಕಿ ಕೊಡತೀನಿ."

ಅಪ್ಪ ಒಳಗಿನಿಂದ ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. ನೀಲತ್ತಿ ಎದ್ದು ಹೋಗಿ ಚಹಾ ಇಟ್ಟಳು. ಸೋಮವಾರ ಗಂಗಾವತಿಯವರು ಬಂದಾಗ ಅವರಿಗೂ ಚಹಾವನ್ನಷ್ಟೇ ಕೊಟ್ಟಳು, ಹುಡುಗಿಯನ್ನು ತೋರಿಸಲಿಲ್ಲ.

ಯಲಬುರ್ಗಾದಿಂದ ಬನ್ನಿಕೊಪ್ಪದ ಸ್ಟೇಷನ್ನಿಗೆ ಚಕ್ಕಡಿ. ಇಟಗಿಯಲ್ಲಿ ಗುಡಿಯ ನೆರಳಿಗೆ ಎತ್ತು ಬಿಚ್ಚಿ ಬುತ್ತಿ ಉಂಡೆವು. ತಣ್ಣಗಿನ ಕಲ್ಲಿಗೆ ಕೆನ್ನೆ ಒತ್ತಿಕೊಂಡು ನಾನು ಮಲಗಿದ್ದು, ಅಪ್ಪ ಎಬ್ಬಿಸಲು ಮನಸ್ಸಿಲ್ಲದೆ ಸುಮ್ಮನೆ ಕೂತಿದ್ದು, ಆಮೇಲೆ ರೈಲು ತಪ್ಪೀತೆಂದು ಎತ್ತುಗಳನ್ನು ಓಡಿಸಿದ್ದು, ಇದೆಲ್ಲ ನಡೆದದ್ದೋ, ರೈಲಿನಲ್ಲಿ ಕಂಡ ಕನಸೋ, ಈಗ ಆಣೆ ಮಾಡಿ ಹೇಳಲಾರೆ. ಕಾನ್ವೆಂಟಿನಲ್ಲಿ ಮೊದಲ ದಿನವೇ ಸಿಸ್ಟರ್, ಚಿಗವ್ವ ಇಡಿಸಿ ಕಳಿಸಿದ್ದ ಬಳೆಗಳನ್ನು ತೆಗೆಸಿದರು. ನೋ ಬ್ಯಾಂಗಲ್ಸ್ ಹಿಯರ್, ಚೈಲ್ಡ್. ಸಿಟ್ಟಿನಿಂದಲ್ಲ, ಒಡೆದು ಕೈಗೆ ಚುಚ್ಚೀತೆಂದು. ಸಾಬೂನು ಹಚ್ಚಿ, ಒಂದೂ ಒಡೆಯದಂತೆ ತೆಗೆದು, ಕರವಸ್ತ್ರದಲ್ಲಿ ಸುತ್ತಿ ಕೊಟ್ಟರು. ಟ್ರಂಕು ಎಳೆದಾಗಲೆಲ್ಲ ಅವು ಒಳಗೆ ಕಿಣಿಕಿಣಿ ಎನ್ನುತ್ತಿದ್ದವು.

ನಾನು ಅದೇ ಕಾನ್ವೆಂಟಿನಲ್ಲಿ ಸಣ್ಣ ಮಕ್ಕಳಿಗೆ ಕಲಿಸಲು ಸೇರಿ ಮೊದಲ ಸಂಬಳ ತಂದ ಹೊತ್ತಿಗೆ ಕಾಲ ಬದಲಾಗಿತ್ತು. ನಿಜಾಮರ ಆಳ್ವಿಕೆ ಮುಗಿದಿತ್ತು. ಹಾಲಿ ರೂಪಾಯಿ ಮಾತ್ರ ಇನ್ನೂ ಪೇಟೆಯಲ್ಲಿ ಓಡಾಡಿಕೊಂಡಿತ್ತು. ರಜೆಗೆ ಊರಿಗೆ ಹೋದವಳು ನೇರ ಬಳೆಗಾರರ ಓಣಿಗೆ ಹೋಗಿ ಚಿಗವ್ವನ ಅಂಗೈಯಲ್ಲಿ ಆಕೆ ಕೊಟ್ಟ ಹಾಲಿಯಷ್ಟೇ ಕಲ್ದಾರ್ ರೂಪಾಯಿ ಇಟ್ಟೆ. ಆಕೆಯ ಕಣ್ಣು ಮಂಜಾಗಿತ್ತು. ಒಂದೊಂದನ್ನೇ ಕಲ್ಲಿನ ಮೇಲೆ ಚಿಮ್ಮಿ ಸದ್ದು ಕೇಳಿದಳು. ಆಮೇಲೆ ಬೆರಳು ಮಡಿಸಿ ಲೆಕ್ಕ ಹಾಕಿ, ಬಟ್ಟಾ ಮುರಿದು, ಹೆಚ್ಚಾದ ಚಿಲ್ಲರೆಯನ್ನು ನನ್ನ ಕೈಗೇ ತಿರುಗಿ ಹಾಕಿದಳು.

"ಇರ್ಲಿ ಬಿಡು ಚಿಗವ್ವಾ."

"ಯಾಕಿರ್ಲಿ? ಸಾಲ ಸರಿಗೆ ಸರಿ ಆಗಬೇಕು. ಮುಯ್ಯದ ಮಾತ ಬ್ಯಾರೆ."

ಎದ್ದು ಹೋಗಿ ಗೋಡೆಯ ಗೂಡಿನಿಂದ ಕೆಂಪು ಬಟ್ಟೆಯ ಒಂದು ಸಣ್ಣ ಗಂಟು ತಂದಳು. ಬಿಚ್ಚಲಿಲ್ಲ. ನನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಐದು ಹಾಲಿ ರೂಪಾಯಿ, ಮೇಲೊಂದು. ಕೂಡಿಸಿಯೇ ಕಟ್ಟಿಟ್ಟಿದ್ದಳು. ಆಮೇಲೆ ನನ್ನ ಕೈ ಹಿಡಿದು ಬೆರಳ ಗಂಟು ಒತ್ತಿ ನೋಡಿ, "ನಿಮ್ಮವ್ವನ ಕೈ ಆಗೇತಿ ಈಗ," ಎಂದಳು. "ಲಗ್ನ ಯಾವಾಗ?"

ಆ ಪ್ರಶ್ನೆಯನ್ನು ಆಕೆ ಬದುಕಿರುವ ತನಕ ರಜೆ ರಜೆಗೂ ಕೇಳಿದಳು. ಆಕೆಯ ನಂತರ ಆಕೆಯ ಮಗಳು ಕೇಳಿದಳು. ಒಂದಲ್ಲ ಒಂದು ಕಾರಣಕ್ಕೆ ನನ್ನ ಲಗ್ನ ಆಗಲಿಲ್ಲ. ಹಾಲಿ ರೂಪಾಯಿಯ ಚಲಾವಣೆ ನಿಂತು ಎಷ್ಟೋ ಕಾಲವಾಯಿತು. ಇನ್ನೂ ಅದೇ ಗೂಡಿನಲ್ಲಿರುವ ಆ ಗಂಟು ಈಗ ಯಾವ ಅಂಗಡಿಯಲ್ಲೂ ನಡೆಯುವುದಿಲ್ಲ. ಜಗತ್ತಿನಲ್ಲಿ ಅದು ನಡೆಯುವ ಜಾಗ ಒಂದೇ, ನನ್ನ ಲಗ್ನದ ಚಪ್ಪರ. ಆ ಗಂಟಿಗಾಗಿ ಮದುವೆ ಬಿಟ್ಟೆ ಎಂದರೆ ನಾನ್‌ಸೆನ್ಸ್, ನೀವೂ ನಂಬುವುದಿಲ್ಲ. ಆದರೆ ಒಬ್ಬರಿಬ್ಬರು ಕೇಳಿಕೊಂಡು ಬಂದಾಗ, ಹೂಂ ಎನ್ನುವ ಮೊದಲು, ಆ ಕೆಂಪು ಬಟ್ಟೆಯನ್ನು ಯಾರೋ ಬಿಚ್ಚಿದ ಹಾಗೆ, ಅವ್ವನ ಹೆಸರನ್ನು ಕೊನೆಯ ಸಲ ಕೂಗಿ ಕಂಬಳಿ ಮಡಿಸಿದ ಹಾಗೆ, ನನಗೆ ಅನ್ನಿಸಿದ್ದುಂಟು.

ಮುಂದಿನ ತಿಂಗಳು ಬ್ಯಾಂಕಿಗೆ ಹೋದಾಗ ಆ ಹುಡುಗಿಗೆ ಹೇಳಬೇಕು. ನಮ್ಮವ್ವನಿಗೆ ಆರು ರೂಪಾಯಿ ಬರಬೇಕಾದ್ದಿದೆ ಮಗೂ, ಎಲ್ಲಿದೆಯೆಂದು ನನಗೆ ಗೊತ್ತು. ಅದು ಅಲ್ಲೇ ಇರಲಿ.